ಹಳೆಯ ಸಿನಿಮಾ ಅಂದ ಮಾತ್ರಕ್ಕೆ ಮಕ್ಕಳಿಗೆ ತೋರಿಸಬಹುದು ಎಂದಲ್ಲ

ಬಾಹ್ಯಾಕಾಶ ನೌಕೆಯೊಳಗೆ ಸೇರಿಕೊಂಡ ಭಯಾನಕ ಜೀವಿಯೊಂದರ ಕಥೆ ಹೇಳುವ 'ಏಲಿಯನ್' 1979ರ ಚಿತ್ರ, ಇಂದಿನ ಗ್ರಾಫಿಕ್ಸ್ ನೋಡಿ ಬೆಳೆದ 10 ವರ್ಷದ ಮಕ್ಕಳಿಗೆ ಅದರಿಂದ ಏನೂ ಆಗದು ಎಂದು ಲೇಖನವೊಂದರಲ್ಲಿ ಬರೆದಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು 'ಆರ್' ದರ್ಜೆ. 17ರೊಳಗಿನವರು ದೊಡ್ಡವರ ಜೊತೆಗೇ ಹೋಗಬೇಕು. ನಿರ್ದೇಶಕ ರಿಡ್ಲಿ ಸ್ಕಾಟ್ ಆ ಜೀವಿಯನ್ನು ಪೂರ್ತಿ ತೋರಿಸುವುದೇ ಅಪರೂಪ. ಉಳಿದದ್ದನ್ನು ನಮ್ಮ ಮನಸ್ಸೇ ಕಟ್ಟಿಕೊಳ್ಳುತ್ತದೆ, ಮಕ್ಕಳ ಮನಸ್ಸು ಇನ್ನೂ ಜೋರಾಗಿ. ಎಲ್ಲರೂ ನಗುನಗುತ್ತ ಊಟ ಮಾಡುವಾಗ ನೌಕೆಯ ಸಿಬ್ಬಂದಿ ಕೇನ್‌ನ ಎದೆ ಸೀಳಿಕೊಂಡು ಆ ಜೀವಿಯ ಮರಿ ಹೊರಬರುತ್ತದಲ್ಲ, ಅಷ್ಟು ರಕ್ತ ಚಿಮ್ಮುತ್ತದೆ ಎಂದು ನಟರಿಗೇ ಪೂರ್ತಿ ಹೇಳಿರಲಿಲ್ಲ. ನನಗೆ ಅದಕ್ಕಿಂತ ಕಸಿವಿಸಿಯಾಗುವುದು, ಜೊತೆಗಾರ ಎಂದುಕೊಂಡಿದ್ದ ಆಶ್ ಪತ್ರಿಕೆಯೊಂದನ್ನು ಸುರುಳಿ ಸುತ್ತಿ ನಾಯಕಿ ರಿಪ್ಲಿಯ ಬಾಯಿಗೆ ತುರುಕುವಾಗ. ಅದನ್ನು ಸಣ್ಣ ಮಗುವಿಗೆ ಏನೆಂದು ವಿವರಿಸುತ್ತೀರಿ?

ಹಾಗಂತ 15 ದಾಟಿದವರಿಂದ ಮುಚ್ಚಿಡಬೇಡಿ. ಎಲ್ಲರೂ ಕಂಗಾಲಾದಾಗಲೂ ತಲೆ ಓಡಿಸುವ ರಿಪ್ಲಿಯಂಥ ನಾಯಕಿ ಹೆಣ್ಣುಮಕ್ಕಳಿಗೆ ತೆರೆಯ ಮೇಲೆ ಸಿಗುವುದು ಇವತ್ತಿಗೂ ಕಡಿಮೆ. ಪಕ್ಕದಲ್ಲಿ ಕೂತು ನೋಡಿ, ಹಗಲಲ್ಲೇ ಹಾಕಿ, ಮಲಗುವ ಹೊತ್ತಿಗಂತೂ ಬೇಡ. ಮತ್ತೆ, ನೌಕೆಯಲ್ಲಿರುವ ಬೆಕ್ಕು ಬದುಕುಳಿಯುತ್ತದೆ ಎಂದು ಮೊದಲೇ ಹೇಳಿಬಿಡಿ. ನನ್ನ ಮಗಳಿಗೆ ಕೊನೆವರೆಗೂ ಅದರದ್ದೇ ಚಿಂತೆಯಾಗಿತ್ತು.