ಮಂಗ ಸತ್ತರೆ ಗೊತ್ತಾಗುತ್ತದೆ, ಬಾವಲಿ ಸಾಯುವುದಿಲ್ಲ

ಬಾವಲಿಯಿಂದ ಬರುವ ನಿಪಾ ಜ್ವರದ ಸುದ್ದಿ ಬಂದರೆ ಸಾಕು, ಮಂಗಳೂರಿನ ನೆಂಟರ ಫೋನು: “ಎಂತ ಮಾರಾಯ್ರೆ, ಎಲ್ಲ ವೈರಸ್ಸೂ ನಿಮ್ಮ ಕೇರಳಕ್ಕೇ ಬರುವುದಾ?” ರಾಜ್ಯೋತ್ಸವದ ಭಾಷಣದಲ್ಲಿ ‘ನಮ್ಮ ಕಾಸರಗೋಡು’, ಜ್ವರ ಬಂದಾಗ ‘ನಿಮ್ಮ ಕೇರಳ’. ಇರಲಿ. ಹುಡುಕಿದರೆ ತಾನೇ ಸಿಗುವುದು?

ಇಲ್ಲಿ ಕಾಸರಗೋಡಿನಲ್ಲಿ ಒಂದೇ ಮನೆಯಲ್ಲಿ ಇಬ್ಬರು ಜ್ವರ ಬಂದು ಮಂಕಾಗಿ ಮಲಗಿದರೆ ಆಶಾ ಕಾರ್ಯಕರ್ತೆ, ಹಿಂದೆಯೇ ಹೆಲ್ತ್ ಇನ್ಸ್‌ಪೆಕ್ಟರ್ ಅಂಗಳಕ್ಕೆ ಬರುತ್ತಾರೆ. ಆರೈಕೆ ಮಾಡಿದ್ದು ಯಾರು, ಬಾವಲಿ ಕಚ್ಚಿದ ಹಣ್ಣು ತಿಂದದ್ದುಂಟಾ, ಜ್ವರ ಶುರುವಾದದ್ದು ಎಂದು? ಈ ಕೊನೆಯ ಪ್ರಶ್ನೆಯೇ ಮುಖ್ಯ. ಮೊದಲ ದಿನಗಳಲ್ಲಾದರೆ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ಸೇ ಸಿಗುತ್ತದೆ. ತಡವಾದರೆ ರಕ್ತದಲ್ಲಿ ಐಜಿಎಂ ಪ್ರತಿಕಾಯ, ಅಂದರೆ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು ಹುಡುಕಬೇಕು. ಫಾರ್ಮಿನಲ್ಲಿ ತಾರೀಖಿಲ್ಲದಿದ್ದರೆ ‘ನೆಗೆಟಿವ್’ ಎಂಬ ವರದಿಯನ್ನು ನಂಬುವ ಹಾಗಿಲ್ಲ.

ಸ್ಯಾಂಪಲ್ ಹಾಳಾಗುವುದು ಹೆಚ್ಚಾಗಿ ದಾರಿಯಲ್ಲಿ. ಗಂಟಲ ದ್ರವಕ್ಕೆ ನೈಲಾನ್ ಅಥವಾ ಡೇಕ್ರಾನ್ ತುದಿಯ ಪ್ಲಾಸ್ಟಿಕ್ ಕಡ್ಡಿಯೇ ಬೇಕು. ಮರದ ಕಡ್ಡಿ ಪಿಸಿಆರ್‌ಗೆ ಅಡ್ಡಿ. ತೆಗೆದ ಕೂಡಲೇ ವೈರಸ್ ಕೆಡದಂತೆ ಕಾಯುವ ದ್ರವದ (ವಿಟಿಎಂ) ಟ್ಯೂಬಿಗೆ ಹಾಕಿ, ಮೂರು ಪದರದ ಪ್ಯಾಕಿಂಗ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಕಳಿಸಬೇಕು. ರಕ್ತದ ಟ್ಯೂಬು ಐಸ್‌ಪ್ಯಾಕಿಗೆ ತಾಗಿಕೊಂಡರೆ ರಕ್ತ ಐಸಿನಂತೆ ಗಟ್ಟಿಯಾಗಿ ಕೆಂಪುಕಣ ಒಡೆಯುತ್ತವೆ, ಪರೀಕ್ಷೆ ಕೆಡುತ್ತದೆ. ನಡುವೆ ಹತ್ತಿಯೋ ಕಾಗದವೋ ಇಟ್ಟರಾಯಿತು.

ಗಡಿಯಾಚೆ? ಅದೇ ಜ್ವರಕ್ಕೆ ‘ವೈರಲ್’ ಎಂದು ಹೆಸರಿಟ್ಟು ಒಂದು ಗ್ಲುಕೋಸ್ ಏರಿಸಿ ಮನೆಗೆ ಕಳಿಸುವುದೇ ಹೆಚ್ಚು. ಬೇಸರ ನಮ್ಮವರ ಮೇಲೂ ಉಂಟು. ಇಲ್ಲಿನ ಪೆರ್ಲ, ಬದಿಯಡ್ಕದವರು ಮಂಗಳೂರಿನ ಆಸ್ಪತ್ರೆಗೆ ಹೋಗಿ ತಂಗಿಯ ಮನೆಯ ವಿಳಾಸ ಬರೆಸುತ್ತಾರೆ. ಆಮೇಲೆ ಹುಡುಕಾಟ ಅಲ್ಲಿ, ಜತೆಗಿದ್ದವರು ಇಲ್ಲಿ.

ಇಷ್ಟು ಹೇಳಿದ ಮೇಲೆ ಒಪ್ಪಲೇಬೇಕಾದ್ದೂ ಇದೆ. 2018ರಲ್ಲಿ ನಿಪಾದ ಮೊದಲ ರೋಗಿ ಗುರುತೇ ಸಿಗದೆ ಸತ್ತರು. ಅದೇ ಮನೆಯ ಇನ್ನೊಬ್ಬರು ಮಲಗಿದಾಗ ಅನುಮಾನ ಬಂದದ್ದು ಕೋಯಿಕ್ಕೋಡಿನ ಖಾಸಗಿ ಆಸ್ಪತ್ರೆಯ ವೈದ್ಯರಿಗೆ, ಹಳ್ಳಿಯ ಜ್ವರದ ಲೆಕ್ಕಕ್ಕಲ್ಲ. ವೈರಸ್ ಪತ್ತೆ ಮಾಡಿದ್ದು ಮಣಿಪಾಲದ ಲ್ಯಾಬು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಖಚಿತಪಡಿಸಿತು. 2023ರಲ್ಲೂ ಮೊದಲ ಸಾವು ಹಾಗೆಯೇ ದಾಟಿಹೋಯಿತು.

ಮನುಷ್ಯನಿಗಿಂತ ಮೊದಲು ಕಾಡನ್ನು ನೋಡುವುದರಲ್ಲಂತೂ ಮಲೆನಾಡೇ ಹಿರಿಯ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಗೆ ಮಂಗಗಳು ಸತ್ತಾಗ ಕಲಿತದ್ದು: ಸತ್ತ ಮಂಗವನ್ನು ಮುಟ್ಟಬೇಡ, ಸುದ್ದಿ ಮುಟ್ಟಿಸು, ಸುತ್ತಲೂ ಉಣ್ಣಿ ಸಾಯುವ ಔಷಧಿ ಹೊಡಿ. ನಿಪಾ ಹೊತ್ತ ಬಾವಲಿಗೋ ಕಾಯಿಲೆಯೇ ಬರುವುದಿಲ್ಲ, ಉದುರಿ ಬಿದ್ದು ಎಚ್ಚರಿಸುವುದೂ ಇಲ್ಲ. ಹಾಗಾಗಿ ತಲಪಾಡಿ ಗಡಿ ದಾಟಿ ಹೋದರೂ ಫಾರ್ಮಿನಲ್ಲಿ ಪೆರ್ಲದ ವಿಳಾಸ, ಜ್ವರದ ತಾರೀಖು, ಇವೆರಡನ್ನು ಸರಿಯಾಗಿ ಬರೆಸಿ ಮಾರಾಯ್ರೆ.