ಅಗೋ ಆನೆ, ಇಗೋ ಅತ್ತೆ ಕೈ

ನಮ್ಮನೇಲಿ ಟ್ರಿಪ್ ಫೋಟೋ ವಿಷಯದಲ್ಲಿ ಎರಡು ಪಾರ್ಟಿ ಇದಾವೆ. ಒಂದು ಅಮ್ಮಂದು, ಇನ್ನೊಂದು ನಮ್ಮ ಭಾವಂದು. ಅಮ್ಮನ ಪ್ರಕಾರ ಫೋಟೋ ಅಂದ್ಮೇಲೆ ಅದರಲ್ಲಿ ಮನುಷ್ಯರಿರ್ಬೇಕು, ಅದೂ ನಮ್ಮ ಮನುಷ್ಯರೇ ಇರ್ಬೇಕು, ತಲೆಯಿಂದ ಕಾಲಿನ ತನಕ ಇರ್ಬೇಕು, ಸೀರೆ ಅಂಚು ಕಾಣ್ಬೇಕು. ಬರೀ ಗುಡ್ಡ ತೋರಿಸಿದ್ರೆ "ಇದು ಕ್ಯಾಲೆಂಡರಲ್ಲೂ ಇರತ್ತೆ, ನಾವು ಹೋಗಿದ್ವಿ ಅನ್ನೋದಕ್ಕೆ ಏನು ಸಾಕ್ಷಿ" ಅಂತ ಕೇಳ್ತಾರೆ. ಭಾವ ಇದಕ್ಕೆ ಪೂರ್ತಿ ಉಲ್ಟಾ. ಅವರ ಹತ್ರ ದೊಡ್ಡ ಕ್ಯಾಮೆರಾ ಇದೆ, ಅದಕ್ಕೊಂದು ಬ್ಯಾಗಿದೆ, ಬ್ಯಾಗಿಗೊಂದು ರೇನ್‌ಕೋಟಿದೆ (ನಮಗಿಲ್ಲ, ಬ್ಯಾಗಿಗಿದೆ), ಟ್ರೈಪಾಡಿದೆ, ಟ್ರೈಪಾಡ್ ಹೊರೋಕೆ ನಾನಿದೀನಿ. ಅವರ ಫ್ರೇಮಲ್ಲಿ ನರಪಿಳ್ಳೆ ಇರಬಾರ್ದು. ಡಿಸೆಂಬರಲ್ಲಿ, ಅಂದ್ರೆ ಇಡೀ ಕರ್ನಾಟಕದ ಸ್ಕೂಲ್ ಟ್ರಿಪ್ ಬಸ್ಸುಗಳು ರಸ್ತೆ ಮೇಲಿರೋ ಟೈಮಲ್ಲಿ, ಹಂಪಿ ಕಲ್ಲಿನ ರಥದ ಮುಂದೆ ನಿಂತು ಜನ ಖಾಲಿ ಆಗ್ಲಿ ಅಂತ ಕಾದ ಮನುಷ್ಯ ಅವರು. ಒಂದು ಸ್ಕೂಲಿನ ಸಾಲು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ಬಣ್ಣದ ಯೂನಿಫಾರ್ಮು. ಕೊನೆಗೆ ಅಮ್ಮ ಪರ್ಸಿಂದ 50 ರೂಪಾಯಿ ನೋಟು ತೆಗೆದು ಹಿಂದ್ಗಡೆ ತಿರುಗಿಸಿ ತೋರಿಸಿದ್ರು, "ನೋಡಿ ಅಳಿಯಂದ್ರೆ, ಜನ ಇಲ್ದೇ ಇರೋ ರಥ ಇಲ್ಲೇ ಇದೆ, ಇದನ್ನ ಇಟ್ಕೊಳ್ಳಿ, ಊಟಕ್ಕೆ ಹೋಗೋಣ" ಅಂತ.

ನಾನು ಯಾವ ಪಾರ್ಟಿಗೂ ಸೇರಿಲ್ಲ. ಆದ್ರೆ ಹಾರ್ಡ್‌ಡಿಸ್ಕ್ ಇರೋದು ನನ್ನ ಹತ್ರ, ಹಂಗಾಗಿ ಒಂದು ವಿಷಯ ಗ್ಯಾರಂಟಿಯಾಗಿ ಹೇಳ್ಬಲ್ಲೆ. ಸಾವಿರಗಟ್ಲೆ ಫೋಟೋಲಿ ಮನೆಯವರೆಲ್ಲ ಪದೇಪದೇ ತೆಗ್ಸಿ ನೋಡೋದು, ಈ ಎರಡೂ ಪಾರ್ಟಿಯವರು ಸೇರಿ "ಥೂ ಡಿಲೀಟ್ ಮಾಡು" ಅಂದಿದ್ದವನ್ನೇ.

ಬಂಡೀಪುರದ್ದು ತಗೊಳ್ಳಿ. ಊಟಿಗೆ ಹೊರಟಿದ್ವಿ, ಟಿಟಿ ಮಾಡ್ಕೊಂಡು. ಆ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್ ಅಲ್ವಾ, ಗೇಟ್ ತೆಗೆದ ತಕ್ಷಣ ಮೊದಲು ನುಗ್ಗಿದ್ರೆ ಪ್ರಾಣಿ ಕಾಣ್ತವೆ ಅಂತ ಭಾವನ ಥಿಯರಿ, ಅದಕ್ಕೋಸ್ಕರ ಎಲ್ಲರನ್ನೂ ನಡುರಾತ್ರೀಲಿ ಎಬ್ಬಿಸಿ ಹಲ್ಲುಜ್ಜಕ್ಕೂ ಬಿಡದೆ ಹೊರಡ್ಸಿದ್ರು. ಮಜಾ ಅಂದ್ರೆ ಆನೆ ನಿಜವಾಗ್ಲೂ ಬಂತು. ರಸ್ತೆ ಪಕ್ಕದಲ್ಲೇ, ಮರಿ ಬೇರೆ ಜೊತೆಗೆ. ಅಲ್ಲಿ ಗಾಡಿ ನಿಲ್ಸೋ ಹಾಗಿಲ್ಲ, ನಿಲ್ಸಿದ್ರೆ ದಂಡ, ಡ್ರೈವರ್ ಕಾಲು ಕೂಡ ಸಡಿಲ ಮಾಡ್ಲಿಲ್ಲ. ಭಾವ ಕಿಟಕಿಗೆ ಲೆನ್ಸ್ ಆನಿಸ್ಕೊಂಡು ರೆಡಿ. ಅದೇ ಸೆಕೆಂಡಿಗೆ ಹಿಂದಿನ ಸೀಟಿಂದ ನಮ್ಮತ್ತೆ "ಅಗೋ ಆನೆ!" ಅಂತ ಕೈ ಚಾಚಿದ್ರು, ನಮ್ಗೆ ಯಾರಿಗೂ ಕಾಣ್ದೇ ಇರೋ ಹಾಗೆ.

ಫೋಟೋದಲ್ಲಿ ಏನಿದೆ ಅಂದ್ರೆ, ಹಿಂದೆ ಬೂದು ಬಣ್ಣದ್ದು ಏನೋ ಬಳ್ಕೊಂಡು ಹೋಗಿದೆ, ಮುಂದೆ ಅತ್ತೆ ಕೈ. ಕೈ ಮಾತ್ರ ಎಂಥಾ ಶಾರ್ಪು! ಹಸಿರು ಗಾಜಿನ ಬಳೆ ಮೇಲಿನ ಚುಕ್ಕಿ ಚುಕ್ಕಿನೂ ಕಾಣತ್ತೆ, ಅದರ ಆಚೆ ಈಚೆ ಚಿನ್ನದ ಬಳೆ, ಬೆರಳ ತುದೀಲಿ ಹಿಂದಿನ ವಾರದ ಮದುವೆ ಮೆಹಂದಿ ಅರ್ಧ ಅಳಿಸಿರೋದು. ಭಾವ ಒಂದು ವಾರ ಪಾಠ ಮಾಡಿದ್ರು. ಬೆಳಿಗ್ಗೆ ಬೆಳಕು ಕಮ್ಮಿ, ಶಟರ್ ಸೆಕೆಂಡಿನ 30ನೇ ಒಂದು ಭಾಗ, ಗಾಡಿ ಗಂಟೆಗೆ 40 ಕಿಲೋಮೀಟರಲ್ಲಿ ಹೋಗ್ತಿದ್ರೆ ಸೆಕೆಂಡಿಗೆ 11 ಮೀಟರ್ ಆಯ್ತು, ಅಂದ್ರೆ ಶಟರ್ ತೆಗೆದು ಮುಚ್ಚೋದ್ರೊಳಗೆ ನಾವು ಒಂದಡಿಗಿಂತ ಜಾಸ್ತಿ ಮುಂದೆ ಹೋಗಿರ್ತೀವಿ, ಆನೆ ಅಲ್ಲೇ ಇರತ್ತೆ, ಕೈ ನಮ್ಮ ಜೊತೆಗೇ ಬರತ್ತೆ, ಅದಕ್ಕೇ ಕೈ ಚೆನ್ನಾಗಿ ಬಂದಿದೆ. ಅಮ್ಮ ಪೂರ್ತಿ ಕೇಳಿಸ್ಕೊಂಡು "ಹಂಗಾದ್ರೆ ಆನೆಗೂ ಜೊತೆಗೆ ಓಡು ಅಂತ ಹೇಳ್ಬೇಕಿತ್ತು" ಅಂದ್ರು. ಆಮೇಲೆ ಅತ್ತೆ ಆ ಚಿನ್ನದ ಬಳೆ ಕರಗಿಸಿ ಸೊಸೆಗೆ ಸರ ಮಾಡಿಸಿದ್ರು. ಈಗ ಆ ಡಿಸೈನು ಉಳ್ಕೊಂಡಿರೋದು ಆ ಫೋಟೋದಲ್ಲಿ ಮಾತ್ರ, ವರ್ಷಕ್ಕೊಂದ್ಸಲ ಫೋನ್ ಮಾಡಿ "ಆ ಆನೆ ಫೋಟೋ ಕಳ್ಸೋ" ಅಂತಾರೆ. ಆನೆ ನೋಡಕ್ಕಲ್ಲ.

ರೋಲ್ ಕ್ಯಾಮೆರಾ ಕಾಲದಲ್ಲಿ ಈ ಡಿಲೀಟ್ ಜಗಳ ಇರ್ಲೇ ಇಲ್ಲ. 36 ಫೋಟೋ, ಅದನ್ನ ತೊಳ್ಸೋಕೆ ದುಡ್ಡು, ಪ್ರಿಂಟಿಗೆ ಬೇರೆ ದುಡ್ಡು, ಹಂಗಾಗಿ ಕಣ್ಣು ಮುಚ್ಚಿದ್ದು, ತಲೆ ಕಟ್ಟಾಗಿದ್ದು, ಅಪ್ಪನ ಬೆರಳು ಅಡ್ಡ ಬಂದಿದ್ದು ಎಲ್ಲಾನೂ ಆಲ್ಬಮ್‌ಗೆ ಹೋಗ್ತಿತ್ತು. ದುಡ್ಡು ಕೊಟ್ಟಿದೀವಲ್ಲ! ನನ್ನ ಕೇಳಿದ್ರೆ ಅದೇ ಒಳ್ಳೇ ಪದ್ಧತಿ. ನಮ್ಮ ಶ್ರವಣಬೆಳಗೊಳದ ಫೋಟೋ ಉಳ್ಕೊಂಡಿದ್ದೇ ಹಂಗೆ. ಬೇಸಿಗೆ ರಜ, ಬೆಟ್ಟ ಹತ್ತುವಾಗ ಚಪ್ಪಲಿ ಕೆಳಗೇ ಬಿಡ್ಬೇಕು, ಹೊತ್ತಿಗೆ ಮುಂಚೆ ಹತ್ತಿ ಇಳಿದವರು ಬುದ್ಧಿವಂತರು. ನಾವು ದಾರೀಲಿ ತಿಂಡಿ ತಿಂದು, ಎಳನೀರು ಕುಡಿದು, ನಡು ಮಧ್ಯಾಹ್ನಕ್ಕೆ ಮೇಲಿದ್ವಿ. ಗೊಮ್ಮಟ 58 ಅಡಿ, ಮುಂದಿರೋ ಅಂಗಳ ಚಿಕ್ಕದು, ಅಪ್ಪ ಎಷ್ಟು ಹಿಂದೆ ಹೋದ್ರೂ ಕ್ಯಾಮೆರಾದೊಳಗೆ ದೇವರು ಪೂರ್ತಿ ಹಿಡಿಸ್ಲಿಲ್ಲ. ಒಂದು ಫೋಟೋದಲ್ಲಿ ನಾವೆಲ್ಲ ಪೂರ್ತಿ ಇದೀವಿ, ಹಿಂದೆ ಎರಡು ದೊಡ್ಡ ಪಾದ. ಇನ್ನೊಂದ್ರಲ್ಲಿ ಗೊಮ್ಮಟನ ಮುಖ ಇದೆ, ಕೆಳಗಡೆ ನಮ್ಮ ಅಜ್ಜಿ ಕೊಂಡೆ ಮಾತ್ರ.

ಅದಲ್ಲ ವಿಷಯ. ಇಳಿಯುವಾಗ ಅಪ್ಪಂಗೆ ಕಲ್ಯಾಣಿ ಹಿಂದೆ ಕಾಣೋ ಹಾಗೆ ಬಯಲು ಬಂಡೆ ಮೇಲೆ ಒಂದು ಗ್ರೂಪ್ ಫೋಟೋ ಬೇಕನ್ನಿಸ್ತು. ಎಲ್ಲರನ್ನೂ ಸಾಲಾಗಿ ನಿಲ್ಸಿದ್ರು, ಸ್ವಲ್ಪ ಎಡಕ್ಕೆ ಬನ್ನಿ ಅಂದ್ರು, ಚಿಕ್ಕಪ್ಪಂಗೆ ಹೊಟ್ಟೆ ಒಳಗೆಳ್ಕೋ ಅಂದ್ರು, ಫೋಕಸ್ ತಿರುಗಿಸ್ತಾನೇ ಇದಾರೆ. ಬಂಡೆ ಕಾದ ಕಾವಲಿ. ಪ್ರಿಂಟ್ ಬಂದಾಗ ನೋಡಿದ್ರೆ ಸಾಲಲ್ಲಿರೋ ಪ್ರತಿಯೊಬ್ಬರದ್ದೂ ಒಂದೊಂದು ಕಾಲು ಮೇಲಿದೆ. ಅಜ್ಜಿದೂ ಸೇರಿ. ಮುಖದಲ್ಲಿ ಮಾತ್ರ ಎಲ್ಲರಿಗೂ ನಗು, ಯಾಕಂದ್ರೆ ಅಪ್ಪ ನಗಿ ಅಂದಿದ್ರು. ಗೊಮ್ಮಟ ಮೈಮೇಲೆ ನೂಲಿನೆಳೆ ಇಲ್ದೆ ಸಾವಿರ ವರ್ಷದಿಂದ ಅದೇ ಬಿಸಿಲಲ್ಲಿ ಅಲ್ಲಾಡದೆ ನಿಂತಿದಾನೆ, ನಮ್ಮವರ ಕೈಲಿ ಒಂದು ನಿಮಿಷ ಆಗ್ಲಿಲ್ಲ. ಮೊನ್ನೆ ಅಕ್ಕನ ಮಗಳು ಆಲ್ಬಮ್ ನೋಡಿ "ಅಜ್ಜಿ, ಆಗ್ಲೇ ನೀವೆಲ್ಲ ರೀಲ್ಸ್ ಮಾಡ್ತಿದ್ರಾ, ಇದು ಯಾವ ಸ್ಟೆಪ್ಪು" ಅಂತ ಅಮ್ಮನ್ನ ಕೇಳಿದ್ಲು.

ಹಂಪಿಗೆ ವಾಪಸ್ ಬರ್ತೀನಿ, ಯಾಕಂದ್ರೆ ಅಲ್ಲಿ ನಿಜವಾದ ಜಗಳ ಆಗಿದ್ದು ರಥದ ಹತ್ರ ಅಲ್ಲ, ವಿರೂಪಾಕ್ಷ ದೇವಸ್ಥಾನದೊಳಗೆ. ನೋಡಿರ್ತೀರಿ, ಹಿಂದ್ಗಡೆ ಒಂದು ಕತ್ತಲೆ ಕೋಣೆ, ಗೋಡೇಲಿ ಸಣ್ಣ ಕಿಂಡಿ, ಎದುರು ಗೋಡೆ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳತ್ತೆ. ಗೋಪುರದ ತುದಿಯಿಂದ ಬರೋ ಬೆಳಕು ಕಿಂಡಿ ದಾಟಿ ಕೆಳಗೆ ಬೀಳತ್ತೆ, ಬುಡದ ಬೆಳಕು ಮೇಲೆ ಹೋಗತ್ತೆ, ಅಷ್ಟೇ. ಕ್ಯಾಮೆರಾ ಅನ್ನೋ ವಸ್ತು ಮಾಡೋದೂ ಅದನ್ನೇ, ಇವರು ಇಡೀ ಕೋಣೇನೇ ಕ್ಯಾಮೆರಾ ಮಾಡಿಟ್ಟಿದಾರೆ. ಭಾವ ಆ ನೆರಳಿನ ಫೋಟೋ ತೆಗೆದು, ಭಾವುಕರಾಗಿ, ಅಲ್ಲೇ ಅಮ್ಮನ ಮೊಬೈಲಿಗೆ ಕಳ್ಸಿದ್ರು.

ಅಮ್ಮ ಮೊಬೈಲ್ ಅಡ್ಡ ಹಿಡಿದು ನೋಡಿ "ಉಲ್ಟಾ ಬಂದಿದೆ" ಅಂದ್ರು. ಉಲ್ಟಾನೇ ಅತ್ತೆ, ಅದೇ ವಿಶೇಷ ಅಂದ್ರು ಭಾವ. ಸರಿ, ನೆಟ್ಟಗೆ ನೋಡೋಣ ಅಂತ ಅಮ್ಮ ಮೊಬೈಲ್ ತಿರುಗಿಸಿದ್ರು. ಮೊಬೈಲ್ ಸುಮ್ನಿರತ್ತಾ, ಫೋಟೋನೂ ತಿರುಗಿಸ್ತು. ಮತ್ತೆ ಉಲ್ಟಾ. ಅಮ್ಮ ನಿಧಾನಕ್ಕೆ ತಿರುಗಿಸಿ ನೋಡಿದ್ರು, ಗಬಕ್ಕಂತ ತಿರುಗಿಸಿ ನೋಡಿದ್ರು, ಅದಕ್ಕೆ ಗೊತ್ತಾಗದೇ ಇರೋ ಹಾಗೆ ಸೆರಗಿನ ಮರೇಲಿ ತಿರುಗಿಸಿ ನೋಡಿದ್ರು, ಗೋಪುರ ಮಾತ್ರ ತಲೆಕೆಳಗೇ. ಹಿಂದೆ ಕ್ಯೂ ನಿಂತಿದ್ದೋರು ಗೊಣಗಕ್ಕೆ ಶುರು. ಕೊನೆಗೆ ಅಮ್ಮ ಮೊಬೈಲನ್ನ ನನ್ನ ಕೈಗೆ ಕೊಟ್ಟು, ತಾವೇ ಸೊಂಟ ಬಗ್ಗಿಸಿ ತಲೆ ವಾಲಿಸಿ ನೋಡಿ, "ಹ್ಞಾಂ, ಈಗ ಸರಿ ಇದೆ" ಅಂದ್ರು. ಆ ಭಂಗೀಲಿ ಅಮ್ಮನ್ನ ಅಕ್ಕ ಕ್ಲಿಕ್ ಮಾಡಿದಾಳೆ. ಗೋಪುರದ ನೆರಳು, ಅದರ ಕೆಳಗೆ ಅದಕ್ಕೆ ಮ್ಯಾಚ್ ಆಗೋ ಹಾಗೆ ಅಮ್ಮ. ಆ ಕೋಣೇಲಿ ತೆಗೆದ ಫೋಟೋ ಎಷ್ಟೋ ನೋಡಿದೀನಿ, ಇದರಷ್ಟು ಚೆಂದದ್ದು ನೋಡಿಲ್ಲ.

ಆಗುಂಬೆ ಬಗ್ಗೆ ಜಾಸ್ತಿ ಹೇಳಲ್ಲ, ಚಿಕ್ಕಪ್ಪ ಇದನ್ನ ಓದ್ತಾರೆ. ಉಡುಪೀಲಿ ಗೋಳಿಬಜೆ, ಬನ್ಸು, ಮೇಲೆ ಗಡ್‌ಬಡ್ ಐಸ್‌ಕ್ರೀಮು, ಆಮೇಲೆ ಘಾಟಿಯ 14 ಹೇರ್‌ಪಿನ್ ತಿರುವು, ಕೈಯಲ್ಲಿ ಮೂಸೋಕೆ ಒಂದು ನಿಂಬೆಹಣ್ಣು. ನಿಂಬೆಹಣ್ಣು ಎಷ್ಟು ಅಂತ ಮಾಡತ್ತೆ ಪಾಪ. ಸೂರ್ಯಾಸ್ತದ ಜಾಗದಲ್ಲಿ ಭಾವ ತೆಗೆದ ಕಣಿವೆ ಫೋಟೋ ಅವರ ಜೀವನದ ಬೆಸ್ಟ್ ಫೋಟೋ ಅಂತ ಅವರೇ ಹೇಳ್ತಾರೆ, ದೊಡ್ಡದಾಗಿ ಪ್ರಿಂಟ್ ಹಾಕ್ಸಿ, ಫ್ರೇಮ್ ಮಾಡಿಸಿ, ಗೃಹಪ್ರವೇಶದ ದಿನ ಹಾಲಲ್ಲಿ ಹಾಕಿದ್ರು. ಕೆಂಪು ಆಕಾಶ, ಒಂದರ ಹಿಂದೊಂದು ನೀಲಿ ಗುಡ್ಡ. ಬಂದ ನೆಂಟರೆಲ್ಲ ಬಲಗಡೆ ಕೆಳಗಿನ ಮೂಲೆಗೇ ಬಗ್ಗಿ ಬಗ್ಗಿ ನೋಡ್ತಿದ್ರು. ಅಲ್ಲಿ ತಡೆಗೋಡೆ ಹಿಡ್ಕೊಂಡು ಬಗ್ಗಿರೋ ಒಂದು ಬೆನ್ನು, ಆ ಬೆನ್ನನ್ನ ಸವರ್ತಿರೋ ಚಿಕ್ಕಮ್ಮನ ಕೈ. ಸಾಕು ಬಿಡಿ.

ಇಷ್ಟೆಲ್ಲ ಆಗುತ್ತಲ್ಲ, ಇದರಲ್ಲಿ ಎಲ್ಲೂ ಕಾಣಿಸ್ದೇ ಇರೋರು ಅಂದ್ರೆ ಭಾವನೇ. ಕ್ಯಾಮೆರಾ ಹಿಂದೆ ಇರೋರ ಹಣೆಬರಹ ಅದು. ಅವರಿಗೆ ನ್ಯಾಯ ಸಿಕ್ಕಿದ್ದು ಕೊಡಚಾದ್ರೀಲಿ. ಮಳೆಗಾಲ ಇನ್ನೂ ಪೂರ್ತಿ ಮುಗಿದಿರ್ಲಿಲ್ಲ. ಜೀಪಲ್ಲಿ ಮೇಲೆ ಹೋದ್ವಿ, ಕೊನೇ ದಾರೀನ ರಸ್ತೆ ಅಂತ ಕರೆಯೋದು ಮರ್ಯಾದೆಗೆ ಅಷ್ಟೇ, ಜೀಪಿನ ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಮನೇಗೆ ಏನು ತರ್ಬೇಕು ಅಂತ ಕೇಳ್ತಿದ್ದ, ನಾವು ಮೂಕಾಂಬಿಕೆ ಹೆಸರು ಹೇಳ್ತಿದ್ವಿ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡ್ಕೊಂಡು. 1343 ಮೀಟರ್ ಎತ್ತರ, ಮಂಜು ಸರಿದು ಸರಿದು ಬರ್ತಿದೆ, ಪುಟ್ಟ ಕಲ್ಲಿನ ಮಂಟಪ ಒಮ್ಮೆ ಕಾಣತ್ತೆ ಒಮ್ಮೆ ಇಲ್ಲ. ಭಾವ ಹುಲ್ಲಿನ ಮೇಲೆ ಅಂಗಾತ ಅಲ್ಲ, ಬೋರಲು ಮಲ್ಕೊಂಡ್ರು, ಲೋ ಆಂಗಲ್ ಅಂತೆ. ಹಾಕಿದ್ದು ತಿಳಿ ಬಣ್ಣದ ಪ್ಯಾಂಟು.

ಮಲೆನಾಡಿನವರಿಗೆ ಮುಂದಿಂದು ಹೇಳ್ಬೇಕಾಗಿಲ್ಲ. ನಾವು ಉಳಿದವರು ಸುಣ್ಣ, ಹೊಗೆಸೊಪ್ಪು, ಉಪ್ಪು ಎಲ್ಲ ಇಟ್ಕೊಂಡು ಪ್ರತಿ ನಾಕು ಹೆಜ್ಜೆಗೂ ಕಾಲು ನೋಡ್ಕೋತಾ ಇದ್ವಿ. ಇಂಬಳ, ಅಂದ್ರೆ ರಕ್ತ ಹೀರೋ ಜಿಗಣೆ, ಕಚ್ಚಿದ್ದು ಗೊತ್ತೇ ಆಗಲ್ಲ, ನೋವಿಲ್ಲ. ಅದರ ಎಂಜಲಲ್ಲಿ ಹಿರುಡಿನ್ ಅಂತ ಒಂದು ಐಟಂ ಇರತ್ತೆ, ರಕ್ತ ಹೆಪ್ಪುಗಟ್ಟಕ್ಕೆ ಬಿಡಲ್ಲ, ಅದು ಹೊಟ್ಟೆ ತುಂಬಿ ತಾನಾಗೇ ಉದುರಿ ಹೋದ್ಮೇಲೂ ರಕ್ತ ಸೋರ್ತಾನೇ ಇರತ್ತೆ. ಭಾವ ಮಂಜು ಸರಿಯೋದನ್ನ ಕಾಯ್ತಾ ಅರ್ಧ ಗಂಟೆ ಮಲಗಿದ್ರು, ಇಂಬಳಗಳಿಗೆ ಅಷ್ಟು ಟೈಮ್ ಧಾರಾಳ. ಎದ್ದು ನಿಂತು "ಸಿಕ್ತು, ಶಾಟ್ ಸಿಕ್ತು!" ಅಂತ ಎರಡೂ ಕೈ ಮೇಲೆತ್ತಿ ತಿರುಗಿದಾಗ ಅಕ್ಕನ ಮಗಳು ಕ್ಲಿಕ್ ಮಾಡಿದ್ಲು. ಮುಖದಲ್ಲಿ ವಿಜಯದ ನಗು, ಹೊಟ್ಟೆಯಿಂದ ಮೊಣಕಾಲಿನ ತನಕ ಕೆಂಪು ಕೆಂಪು, ಬೆಲ್ಟಿನ ಬಕಲ್ ಪಕ್ಕದಲ್ಲಿ ದಪ್ಪ ದ್ರಾಕ್ಷಿ ಗಾತ್ರದ್ದೊಂದು ಇನ್ನೂ ಊಟ ಮುಗಿಸ್ತಾ ಇದೆ. ಅವರ ಶಾಟ್ ಏನಾಯ್ತು ಅಂತ ಯಾರಿಗೂ ನೆನಪಿಲ್ಲ. ಇದನ್ನ ಅಮ್ಮ ಫ್ಯಾಮಿಲಿ ಗ್ರೂಪಿಗೆ ಡೀಪಿ ಹಾಕ್ಸಿದ್ರು, "ಪಾಪ, ಅಳಿಯಂದ್ರು ಒಂದು ಫೋಟೋದಲ್ಲಾದ್ರೂ ಇದಾರಲ್ಲ" ಅಂತ.

ಜೋಗಕ್ಕೆ ಹೋಗಿದ್ದು ಅದೇ ಟ್ರಿಪ್ಪಲ್ಲಿ ಸಾಗರದ ಕಡೆಯಿಂದ. ನೀರು ಜೋರಾಗಿರೋವಾಗಲೇ ನೋಡ್ಬೇಕು, ಆದ್ರೆ ನೀರು ಜೋರಾಗಿದ್ರೆ ಮಂಜೂ ಜೋರು, ಇದು ಅಲ್ಲಿನ ಕರಾರು. ವ್ಯೂ ಪಾಯಿಂಟಲ್ಲಿ ಕಂಬಿ ಹಿಡ್ಕೊಂಡು ನಿಂತ್ರೆ ಎದುರಿಗೆ ಬೆಳ್ಳಗೆ, ಅಷ್ಟೇ. ಸದ್ದು ಮಾತ್ರ ಕೇಳತ್ತೆ. ರಾಜ ಎಲ್ಲಿ ರಾಣಿ ಎಲ್ಲಿ ರೋರರ್ ಎಲ್ಲಿ ರಾಕೆಟ್ ಎಲ್ಲಿ ಅಂತ ಒಬ್ಬ ಮೇಷ್ಟ್ರು ಮಕ್ಕಳಿಗೆ ಬರೀ ಗಾಳೀಲಿ ಬೆರಳು ತೋರ್ಸಿ ಹೇಳ್ತಿದ್ರು, ಮಕ್ಕಳು ತಲೆ ಆಡಿಸ್ತಿದ್ವು. ಜೋಳದ ತೆನೆ ತಿಂದಾಯ್ತು, ಟೀ ಕುಡಿದಾಯ್ತು, ಇದ್ದಕ್ಕಿದ್ದಂಗೆ ಒಂದು ಕಡೆಯಿಂದ ಮಂಜು ಹರಿಯಕ್ಕೆ ಶುರುವಾಯ್ತು, "ಬಂತು ಬಂತು" ಅಂತ ಇಡೀ ಜನ ಕೂಗು, ಪೂರ್ತಿ 253 ಮೀಟರೂ ಕಣ್ಣ ಮುಂದೆ. ತಕ್ಷಣ ಎಲ್ಲರೂ ಏನು ಮಾಡಿದ್ರು ಗೊತ್ತಾ? ಜೋಗಕ್ಕೆ ಬೆನ್ನು ಹಾಕಿ ನಿಂತ್ರು. ಸೆಲ್ಫಿಗೆ. ಮುಂದೆ ಬಾ, ನೀನು ಅಡ್ಡ ಆಗ್ತೀಯ, ಕೂದಲು ಸರಿ ಮಾಡ್ಕೋ, ಅನ್ನೋಷ್ಟರಲ್ಲಿ ಹಿಂದೆ ಮತ್ತೆ ಬಾಗಿಲು ಹಾಕ್ಕೊಂಡು ಬಿಡ್ತು. ಭಾವನ ಲೆನ್ಸ್ ಮೇಲೆ ಹನಿ, ಒರೆಸ್ತಾ ಇದ್ರು.

ಹಂಗಾಗಿ ನಮ್ಮ ಜೋಗದ ಫೋಟೋಗಳಲ್ಲಿ ಜೋಗ ಇಲ್ಲ. ಇದ್ದಿದ್ರಲ್ಲಿ ಚಿಕ್ಕಪ್ಪಂದು ಒಂದು ಬಹಳ ಚೆನ್ನಾಗಿ ಬಂದಿದೆ, ಕ್ಯಾಮೆರಾಗೆ ನೇರವಾಗಿ ನೋಡ್ತಿದಾರೆ, ನಗ್ತಾನೂ ಇಲ್ಲ ಅಳ್ತಾನೂ ಇಲ್ಲ, ಹಿಂದೆ ಎಲ್ಲೂ ಒಂದು ಗೆರೆ ಕೂಡ ಇಲ್ದೆ ಅಚ್ಚ ಬಿಳಿ. ಹೋದ ತಿಂಗಳು ಅವರ ಸೊಸೈಟಿಯಲ್ಲಿ ಹೊಸ ಕಾರ್ಡಿಗೆ ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಸೈಜ್ ಫೋಟೋ ಕೇಳಿದ್ರಂತೆ. ಸ್ಟುಡಿಯೋಗೆ ಯಾಕೆ ದಂಡ ಅಂತ ಇದನ್ನೇ ಕತ್ತರಿಸಿ ಪ್ರಿಂಟ್ ಹಾಕ್ಸಿ ಕೊಟ್ಟು ಬಂದಿದಾರೆ. ಹಿಂದೆ ಇರೋದು ಜೋಗ ಜಲಪಾತ ಅಂತ ಯಾರಿಗೂ ಡೌಟೇ ಬಂದಿಲ್ಲ. ಕೌಂಟರಲ್ಲಿದ್ದ ಹುಡುಗ ಫೋಟೋ ಅಂಟಿಸಿ, ಸೀಲು ಹಾಕಿ, ಒಂದೇ ಒಂದು ಮಾತು ಕೇಳಿದ್ನಂತೆ, "ಸಾರ್, ತಲೆ ಯಾಕೆ ಇಷ್ಟು ಒದ್ದೆ?"