ಸಂಗೀತಕ್ಕೆ ಭಾಷೆ ಇದೆ, ಕಲೀಬೇಕು

"ಸಂಗೀತಕ್ಕೆ ಭಾಷೆಯ ಹಂಗಿಲ್ಲ." ಬೆಳಗಾವಿಯಲ್ಲಿ ಯಾವ ಕಾರ್ಯಕ್ರಮಕ್ಕೆ ಹೋದರೂ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ನಿರೂಪಣೆ ಮಾಡುವವರು ಹೇಳುತ್ತಾರೆ, ಮುಖ್ಯ ಅತಿಥಿಗಳು ಹೇಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ನಾನೂ ಎಷ್ಟೋ ವರ್ಷ ತಟ್ಟಿದ್ದೇನೆ. ಆದರೆ ಹೋದ ತಿಂಗಳು ಶಹಾಪುರದಲ್ಲಿ ನಮ್ಮ ಕಾಕಾನ ಮನೆಯಲ್ಲಿ ಒಂದು ಸಂಜೆ ಕಳೆದ ಮೇಲೆ ಆ ಮಾತಿಗೆ ಕೈ ಏಳುತ್ತಿಲ್ಲ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಕಾಕಾ ಪೇಟಿ ಮಾಸ್ತರರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಾರೆ. ವಯಸ್ಸು 68. ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಕಾಲಿನಿಂದ ಗಾಳಿ ತುಳಿಯುವ ಪೇಟಿ ನುಡಿಸಿದವರು. ಆಮೇಲೆ ಶ್ರೀಕೃಷ್ಣ ಪಾರಿಜಾತದ ಆಟ, ಭಜನಾ ಮೇಳ, ಮಕ್ಕಳ ಸಂಗೀತ ಪರೀಕ್ಷೆ, ಎಲ್ಲಿ ಸಾಥ್, ಅಂದರೆ ಪಕ್ಕವಾದ್ಯ, ಬೇಕೋ ಅಲ್ಲಿ ಅವರು.

ಅವತ್ತು ಬಂದವರು ಇಬ್ಬರು. ಒಬ್ಬರು ಗ್ಯಾಂಬಿಯಾದ ಕೋರಾ ವಾದಕರು, ಮೂವತ್ತೈದರ ಆಸುಪಾಸು. ಇನ್ನೊಬ್ಬರು ಐರ್ಲೆಂಡಿನ ಗಾಯಕಿ. ಸೀಸನ್ ಅಂತ ಗೋವಾಕ್ಕೆ ಬಂದಿದ್ದರು. ಅಲ್ಲಿ ಕೋರಾದ ಬುರುಡೆ ಸೀಳು ಬಿಟ್ಟಿತು. ಬುರುಡೆ ಕೆಲಸ ಅಂದರೆ ಮಿರಜ್‌ಗೇ ಹೋಗಿ ಅಂತ ಯಾರೋ ಹೇಳಿದರಂತೆ. ಸರಿಯಾದ ಮಾತೇ. ಸಿತಾರ್, ತಂಬೂರಿ ಮಾಡುವ ಮನೆಗಳು ಅಲ್ಲಿ ತಲೆಮಾರುಗಳಿಂದ ಇವೆ. ರಿಪೇರಿ ಮುಗಿಸಿ ವಾಪಸ್ ಬರುವಾಗ ಬೆಳಗಾವಿಯಲ್ಲಿ ಒಂದು ರಾತ್ರಿ ಉಳಿಯಬೇಕಿತ್ತು. ನನ್ನ ಗೆಳತಿಯೊಬ್ಬಳು ಅವರಿಗೆ ನನ್ನ ನಂಬರ್ ಕೊಟ್ಟಿದ್ದಳು, ನಾನು ಸೀದಾ ಕಾಕಾನ ಮನೆಗೆ ಕರ್ಕೊಂಡು ಹೋದೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಮಾತು ದಾಟಿಸುವ ಕೆಲಸ ನನ್ನದು.

ಕೋರಾ ನೋಡದವರಿಗೆ ಹೇಳಬೇಕು. ದೊಡ್ಡ ಸೋರೆಬುರುಡೆಯ ಅರ್ಧ ಹೋಳು, ಅದರ ಬಾಯಿಗೆ ಹಸುವಿನ ಚರ್ಮ ಬಿಗಿದಿರುತ್ತದೆ, ನಡುವೆ ಉದ್ದನೆಯ ಕಟ್ಟಿಗೆ ದಂಡ. ತಂತಿ 21. ಎಡಗೈಗೆ 11, ಬಲಗೈಗೆ 10. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಅಷ್ಟೇ ಕೆಲಸ ಮಾಡುತ್ತವೆ. ಮೊದಲು ಚರ್ಮದ ತಂತಿ ಇರುತ್ತಿತ್ತಂತೆ, ಈಗ ಮೀನು ಹಿಡಿಯುವ ನೈಲಾನ್ ದಾರ. ಕಾಕಾ ಮಾತಾಡಲಿಲ್ಲ. ಕೋರಾವನ್ನು ಎತ್ತಿಕೊಂಡು ಬುರುಡೆಗೆ ಕಿವಿ ಹಚ್ಚಿದರು, ಬೆರಳ ಗಂಟಿನಿಂದ ಎರಡು ಸಲ ತಟ್ಟಿದರು, ಸೀಳು ಕೂಡಿಸಿದ ಜಾಗದ ಮೇಲೆ ಉಗುರು ಆಡಿಸಿದರು. "ಛಲೋ ಕೂಡಿಸ್ಯಾರ ಬಿಡು" ಅಂದರು. ಆಮೇಲೆ ಆ ಹುಡುಗನ ಹೆಬ್ಬೆರಳು ಹಿಡಿದು ನೋಡಿದರು. ಗಟ್ಟಿ ಜಡ್ಡು. ತಮ್ಮ ಕೈಯನ್ನೂ ತೋರಿಸಿದರು. ಕಾಕಾನ ಪೇಟಿಯ ನಡು ಸಪ್ತಕದ ಮನೆಗಳಲ್ಲಿ, ಅಂದರೆ ಒತ್ತುವ ಪಟ್ಟಿಗಳಲ್ಲಿ, ಬೆರಳು ಕೂರುವ ಕಡೆ ಸಣ್ಣ ಸಣ್ಣ ತಗ್ಗು ಬಿದ್ದಿವೆ. ಆತ ಆ ತಗ್ಗಿನಲ್ಲಿ ತನ್ನ ಬೆರಳಿಟ್ಟು ನೋಡಿದ.

ಐರ್ಲೆಂಡಿನವರು ಕೇಳಿದ ಮೊದಲ ಪ್ರಶ್ನೆ, ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತೆ ಅಂತ. ಕಾಕಾ ಅದಕ್ಕೆ ಉತ್ತರ ಕೊಡೋದು ಬಿಟ್ಟು ನನ್ನ ಕಡೆ ತಿರುಗಿ, "ಒಂದ್ ಪ್ರೋಗ್ರಾಮಿಗೆ ಅವರಿಗೆ ಎಷ್ಟ್ ಕೊಡ್ತಾರ ಕೇಳವ್ವ" ಅಂದರು. ನನಗೆ ಮುಜುಗರ ಆಯ್ತು. ಆದರೂ ಕೇಳಿದೆ. ಅಲ್ಲಿಯವರೆಗೆ ಮನೆಗೆ ಬಂದ ಅತಿಥಿಗಳಂತೆ ಬಿಗಿಯಾಗಿ ಕೂತಿದ್ದವರು ಆ ಪ್ರಶ್ನೆ ಕೇಳಿದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತರು. ಸುಮಾರು ಒಂದು ತಾಸು ಬರೀ ದುಡ್ಡಿನ ಮಾತು. ವೀಸಾ ಖರ್ಚು, ಏಜೆಂಟರ ಪಾಲು, ಮಳೆಗಾಲದಲ್ಲಿ ಏನು ಮಾಡ್ತೀರಿ, ಮಕ್ಕಳ ಫೀ ಹೆಂಗ ಕಟ್ತೀರಿ. ಕೋರಾದವರು ಜಾಲಿ ಮನೆತನದವರು. ಅವರ ಸೀಮೆಯಲ್ಲಿ ಜಾಲಿಗಳೆಂದರೆ ಊರಿನ ಮನೆಗಳ ವಂಶದ ಕಥೆ ನೆನಪಿಟ್ಟು ಹಾಡುವವರು. ಮದುವೆಗೆ, ಮಗುವಿಗೆ ಹೆಸರಿಡುವ ದಿನಕ್ಕೆ ಅವರು ಬಂದು ಆ ಮನೆಯ ಹಿರಿಯರನ್ನು ಹಾಡಿ ಹೊಗಳಬೇಕು, ಮನೆಯವರು ನೋಟು ಕೊಡಬೇಕು. ಕಾಕಾ ತೊಡೆ ತಟ್ಟಿಕೊಂಡರು. "ನಮ್ಮ ಹೆಳವರು ಇದ್ದಂಗ ಆತಲ್ಲ!" ನಮ್ಮ ಹಳ್ಳಿಗಳಲ್ಲಿ ಸುಗ್ಗಿ ಕಾಲಕ್ಕೆ ಹೆಳವರು ಬಂದು ಮುತ್ತಜ್ಜನ ಅಜ್ಜನ ಹೆಸರಿನಿಂದ ಶುರು ಮಾಡಿ ವಂಶಾವಳಿ ಹೇಳಿ ಕಾಳು ಕಡಿ ಇಸ್ಕೊಂಡು ಹೋಗುತ್ತಿದ್ದುದು ನನಗೂ ನೆನಪಿದೆ. ನೋಟಿನ ಮಾತು ಬಂದಾಗ ಕಾಕಾ ಪಾರಿಜಾತದ ಆಯೇರಿಯ ಕಥೆ ಹೇಳಿದರು. ಆಟದ ನಡುವೆ ಯಾರೋ ಮೆಚ್ಚಿ ಹತ್ತೋ ನೂರೋ ಕೊಡ್ತಾರೆ, ಆಟ ನಿಲ್ಲಿಸಿ ಕೊಟ್ಟವರ ಹೆಸರು ಕೂಗಬೇಕು. ಅಲ್ಲೂ ಹಾಗೇ ಅಂತೆ.

ಶಾಲಿನ ಕಥೆಯೂ ಬಂತು. ಎರಡು ವರ್ಷದ ಹಿಂದೆ ಒಂದು ಸಂಘದವರು ರಾತ್ರಿಯಿಡೀ ಸಾಥ್ ಮಾಡಿಸಿಕೊಂಡು, ಬೆಳಿಗ್ಗೆ ಶಾಲು ಹೊದಿಸಿ, ಫೋಟೋ ತೆಗೆಸಿ ಕಳಿಸಿಬಿಟ್ಟರು. ಆಟೋ ಬಾಡಿಗೆ ಕೂಡ ಕಾಕಾನ ಕಿಸೆಯಿಂದ. "ಶಾಲು ಬೇಯಿಸಿ ಉಣ್ಣಾಕ ಬರೂದಿಲ್ಲ ತಮ್ಮಾ" ಅಂದರು. ಇಂಗ್ಲಿಷಿನಲ್ಲಿ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಕಾರ್ಯಕ್ರಮ ಮಾಡುವವರು ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳ್ಕೋತೀನಿ. ಎಷ್ಟು ಕೊಡ್ತೀರಿ ಅಂತ ಮೊದಲೇ ಹೇಳಿ. ಹಾಡುವವರಿಗೆ ಮಾತ್ರ ಅಲ್ಲ, ಪೇಟಿಗೆ, ತಬಲಾಕ್ಕೆ, ತಾಳದವರಿಗೆ ಕೂಡ. ಬಾಯಿಬಿಟ್ಟು ಕೇಳೋಕೆ ಅವರಿಗೆ ಸಂಕೋಚ, ಆ ಸಂಕೋಚದ ಮೇಲೆ ನಮ್ಮ ಕಾರ್ಯಕ್ರಮಗಳು ನಡೆಯಬಾರದು.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಶೇಂಗಾ ನೋಡಿ ಆ ಹುಡುಗನ ಮುಖ ಅರಳಿತು. ಗ್ಯಾಂಬಿಯಾದ ದೊಡ್ಡ ಬೆಳೆಯೇ ಶೇಂಗಾ, ಅವರು ಶೇಂಗಾ ಅರೆದು ಸಾರು ಮಾಡಿ ಅನ್ನದ ಜೊತೆ ಉಣ್ಣುತ್ತಾರೆ.

ಊಟದ ಮೇಲೆ ನುಡಿಸೋಕೆ ಕೂತರು. ಇಲ್ಲಿಂದ ನನ್ನ ಮಾತು ಶುರು.

ಕೋರಾದ ಶ್ರುತಿ ಹೆಚ್ಚೂಕಡಿಮೆ ಪೇಟಿಯ ಬಿಳಿ ನಾಲ್ಕಕ್ಕೆ, ಅಂದರೆ ನಾಲ್ಕನೇ ಬಿಳಿ ಮನೆಗೆ, ಇತ್ತು. ಹೆಚ್ಚೂಕಡಿಮೆ ಅಂದರೆ ಸಾಲಲ್ಲ. ಪೇಟಿಯ ಸ್ವರ ಹಿತ್ತಾಳೆ ಪಟ್ಟಿಯಲ್ಲಿ ಕೂತಿದೆ, ಅದು ಮೇಲೆ ಕೆಳಗೆ ಆಗಲ್ಲ. ಹಾಗಾಗಿ 21 ತಂತಿಗಳೇ ಒಂದೊಂದಾಗಿ ಪೇಟಿಯ ಹತ್ತಿರ ಬರಬೇಕಾಯಿತು. ಅರ್ಧ ತಾಸು ಹಿಡಿಯಿತು. ಕಾಕಾ ಒಂದೊಂದೇ ಸ್ವರ ಒತ್ತಿ ಹಿಡಿದು ಸುಮ್ನೆ ಕಾಯ್ದರು. "ನನ್ನ ಪೇಟಿ ಬಗ್ಗೂದಿಲ್ಲ, ನೀನ ಬಗ್ಗಬೇಕಾತಲ್ಲ ತಮ್ಮಾ" ಅಂತ ಎರಡು ಸಲ ಅಂದರು. ಶ್ರುತಿ ಕೂಡಿದ ಮೇಲೆ ಆತ ಒಮ್ಮೆ ಕೆಳಗಿನಿಂದ ಮೇಲಿನವರೆಗೆ ತಂತಿಗಳನ್ನು ಮೀಟಿದ. ಕಾಕಾನ ಕಣ್ಣು ದೊಡ್ಡದಾಯಿತು. "ಮಧ್ಯಮ ತೀವ್ರ ಐತಿ! ಯಮನ್ ಆತಿದು!" ಮ ಸ್ವರ ಅರ್ಧ ಮೆಟ್ಟಿಲು ಮೇಲೆ ಇತ್ತು, ನಮ್ಮ ಯಮನ್ ರಾಗದಲ್ಲಿ ಇರುವ ಹಾಗೆ. ಕೋರಾದ ಈ ಶ್ರುತಿಗೆ ಅಲ್ಲಿ ಸೌತಾ ಅಂತಾರೆ. ಸ್ವರಗಳು ಯಮನ್ ಸೇರುವ ನಮ್ಮ ಕಲ್ಯಾಣ ಥಾಟಿನವೇ.

ಸಂಗೀತಕ್ಕೆ ಭಾಷೆ ಇಲ್ಲ ಅನ್ನುವವರು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ನೋಡಿದ್ರಾ, ಸ್ವರ ಒಂದೇ! ಆದರೆ ಅವರಿಬ್ಬರು ನುಡಿಸೋಕೆ ಶುರು ಮಾಡಿದ ಮೇಲೆ ಹತ್ತು ನಿಮಿಷ ಏನೂ ಕೂಡಲಿಲ್ಲ. ಕಾಕಾ ಯಮನ್ ಎತ್ತಿದರು, ನಿ ರೇ ಗ, ಷಡ್ಜ ಅಂದರೆ ಸ ಮುಟ್ಟದೆ. ಆತ ಮತ್ತೆ ಮತ್ತೆ ಷಡ್ಜಕ್ಕೆ ಬಂದು ಬೀಳುತ್ತಿದ್ದ. ಕಾಕಾ ಒಂದೇ ಸ್ವರದ ಮೇಲೆ ನಿಂತು ಬೆಳೆಸೋಕೆ ಹೋದರೆ ಆತನ ಹೆಬ್ಬೆರಳು ಅಷ್ಟರಲ್ಲಿ ಎರಡು ಸುತ್ತು ಹಾಕಿ ಬಂದಿರುತ್ತಿತ್ತು. ಅದೇ ಏಳು ಸ್ವರ, ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಕನ್ನಡ, ತೆಲುಗು ಅಕ್ಷರಗಳು ಹತ್ತಿರ ಹತ್ತಿರ ಇವೆ ಅಂತ ಕನ್ನಡದವರಿಗೆ ತೆಲುಗು ಅರ್ಥ ಆಗಿಬಿಡುತ್ತಾ? ಹಾಗೆ.

ಆಗ ಇಬ್ಬರೂ ಕೈ ನಿಲ್ಲಿಸಿದರು. ಮಾತಾಡಿದರು. ನನಗೆ ಆ ಸಂಜೆಯ ಅತಿ ದೊಡ್ಡ ಗಳಿಗೆ ಅದೇ. ಆತ ಕೇಳಿದ, "ನೀವು ಯಾಕೆ ಮನೆ ಬಿಟ್ಟು ಓಡಿಹೋಗ್ತೀರಿ?" ಷಡ್ಜದ ಬಗ್ಗೆ. ಕಾಕಾ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಓಡಿಹೋಗೂದಲ್ಲ, ಮನೀಗೆ ಬರೂ ಹೊತ್ತಿಗೆ ಹಸಿವಾಗಿರಬೇಕು" ಅಂದರು. ಆಮೇಲೆ ಆತ ತನ್ನ ಕಡೆಯ ಪಾಠ ಹೇಳಿದ. ಮರಳಿ ಮರಳಿ ಸುತ್ತುವ ಒಂದು ಎಳೆ ಇರುತ್ತೆ, ಅದಕ್ಕೆ ಕುಂಬೆಂಗೊ ಅಂತ ಹೆಸರು. ಅದರ ಮೇಲೆ ಧುಮುಕಿ ಹರಿಯುವ ಓಟಗಳಿಗೆ ಬಿರಿಮಿಂಟಿಂಗೊ. ಕುಂಬೆಂಗೊ ಕೇಳಿದ್ದೇ ತಡ ಕಾಕಾಗೆ ದಾರಿ ಸಿಕ್ಕಿತು. ತಬಲಾ ಸೋಲೋಗೆ ಪೇಟಿಯವರು ಲೆಹರಾ ಹಿಡಿಯುತ್ತಾರಲ್ಲ, ತಾಸುಗಟ್ಟಲೆ ಅದೇ ಸಾಲು? ಜೀವಮಾನವೆಲ್ಲ ಲೆಹರಾ ಹಿಡಿದ ಕೈ ಅದು. ಕುಂಬೆಂಗೊವನ್ನು ಪೇಟಿಯಲ್ಲಿ ಕಲಿತು ಹಿಡಿದರು, ಆತನ ಎರಡೂ ಕೈ ಓಟಕ್ಕೆ ಬಿಡುಗಡೆ ಆದವು. ಆಮೇಲೆ ಏನು ನುಡಿಸಿದರೋ ಅದನ್ನು ನಾನು ಬರೆಯೋಕೆ ಹೋಗಲ್ಲ.

ಭಾಷೆ ಇದೆ. ಇರೋದಕ್ಕೇ ಕಲಿಯೋಕೆ ಕೂರಬೇಕಾಯಿತು. ಭಾಷೆ ಇಲ್ಲ ಅಂದುಬಿಟ್ಟರೆ ಕಲಿಯೋ ಕಷ್ಟ ತಪ್ಪುತ್ತೆ, ಎದುರಿನವರನ್ನು ಕೇಳೋ ಕಷ್ಟವೂ ತಪ್ಪುತ್ತೆ. ಗಿಟಾರ್ ಪಕ್ಕ ತಬಲಾ ಕೂರಿಸಿ ಫ್ಯೂಷನ್ ಅಂತ ಬೋರ್ಡ್ ಹಾಕಿದ ಎಷ್ಟೋ ಕಾರ್ಯಕ್ರಮಗಳಲ್ಲಿ ನಾನು ನೋಡಿದ್ದು ಅದನ್ನೇ, ಒಂದೇ ವೇದಿಕೆಯ ಮೇಲೆ ಇಬ್ಬರು ಬೇರೆ ಬೇರೆ ಫೋನಿನಲ್ಲಿ ಮಾತಾಡಿದ ಹಾಗೆ. ಗಿಟಾರ್, ತಬಲಾ ಕೂಡಿಸಿದ ಶಕ್ತಿ ಅನ್ನುವ ತಂಡದ ಜಾನ್ ಮೆಕ್‌ಲಾಫ್ಲಿನ್ ಅವರನ್ನು ನೋಡಿ. ಗಿಟಾರ್‌ನಲ್ಲಿ ಆಗಲೇ ದೊಡ್ಡ ಹೆಸರಾಗಿದ್ದವರು, ಆದರೂ ಅಮೆರಿಕದಲ್ಲಿ ಕರ್ನಾಟಕ ಸಂಗೀತದ ಎಸ್. ರಾಮನಾಥನ್ ಅವರ ಮುಂದೆ ಕೂತು ವೀಣೆ ಪಾಠ ಹೇಳಿಸಿಕೊಂಡರು. ಅದೇ ತಂಡದ ತಬಲಾ ವಾದಕ ಜಾಕಿರ್ ಹುಸೇನರ ಜೊತೆ ಐವತ್ತು ವರ್ಷದ ಒಡನಾಟ. 2024 ರಲ್ಲಿ ಆ ತಂಡಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ಜಾಕಿರ್ ಹೋಗಿಬಿಟ್ಟರು. ಇದಕ್ಕೆ ಎದುರು ಮಾತೂ ಇದೆ. ಮೋಹನವೀಣೆಯ ವಿಶ್ವಮೋಹನ ಭಟ್ಟರು ಮತ್ತು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತಾಲೀಮೇ ಇಲ್ಲದೆ ಒಂದೇ ರಾತ್ರಿ ಕೂತು ಧ್ವನಿಮುದ್ರಣ ಮಾಡಿದರು, ಅದಕ್ಕೂ ಗ್ರ್ಯಾಮಿ ಬಂತು. ಆದರೆ ಅವರಿಬ್ಬರೂ ಅಷ್ಟರಲ್ಲಿ ಎಷ್ಟು ದೇಶದ, ಎಷ್ಟು ಜನರ ಸಂಗೀತ ಕೇಳಿ ಬಂದಿದ್ದರು ಅನ್ನೋದನ್ನೂ ಲೆಕ್ಕ ಹಿಡಿಯಬೇಕು ಅಲ್ವಾ?

ದೂರ ಯಾಕೆ, ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಮಗ್ಗುಲಲ್ಲೇ ಇದೆ. ಕ್ಷಯ ಬಂದು 1948 ರಲ್ಲಿ ದೂರದ ಮಾಳವ ಸೀಮೆಯ ದೇವಾಸ್‌ಗೆ ಹೋದರು. ವರ್ಷಗಟ್ಟಲೆ ಹಾಡಬಾರದು ಅಂತ ಡಾಕ್ಟರರ ಕಟ್ಟಪ್ಪಣೆ. ಕನ್ನಡದ ಹುಡುಗ, ಮುಂಬೈಯಲ್ಲಿ ಕಲಿತವರು, ಹಾಸಿಗೆ ಮೇಲೆ ಮಲಗಿ ಕಿಟಕಿಯಾಚೆ ಹೋಗುತ್ತಿದ್ದ ಮಾಳವದ ಹೆಣ್ಣುಮಕ್ಕಳ ಪದ, ಜೋಗಿಗಳ ಪದ ಕೇಳುತ್ತಾ ಇದ್ದುಬಿಟ್ಟರು. ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಬಂದು ಜೀವ ಉಳಿಯಿತು. ಮತ್ತೆ ಹಾಡಿದಾಗ ಆ ಕೇಳಿದ್ದೆಲ್ಲ ಅವರ ಹಾಡಿನೊಳಗೆ ಇತ್ತು. ಬಾಯಿ ಮುಚ್ಚಿಕೊಂಡಿದ್ದ ವರ್ಷಗಳಲ್ಲಿ ಅವರು ಇನ್ನೊಂದು ಭಾಷೆ ಕಲಿತಿದ್ದರು. ಇನ್ನೂ ಹಿಂದೆ ಹೋದರೆ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹಿ. ಸರಸ್ವತಿ, ಗಣಪತಿಯ ಮೇಲೆ ದಖನಿ ಭಾಷೆಯಲ್ಲಿ ಹಾಡು ಕಟ್ಟಿದ ದೊರೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ನಮ್ಮ ಸೀಮೆಗೆ ಇದೇನು ಹೊಸದಲ್ಲ.

ಪೇಟಿಯ ಕಥೆಯೂ ಅದೇ. 1840 ರ ಹೊತ್ತಿಗೆ ಫ್ರಾನ್ಸಿನಲ್ಲಿ ಹುಟ್ಟಿದ್ದು. ಕೋಲ್ಕತ್ತದಲ್ಲಿ ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುವಂತೆ ಮಾಡಿಕೊಂಡರು. ಇದಕ್ಕೆ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರಲ್ಲ ಅಂತ ರೇಡಿಯೋದವರು 1940 ರಿಂದ 1971 ರವರೆಗೆ ಒಳಗೇ ಬಿಟ್ಟುಕೊಳ್ಳಲಿಲ್ಲ. ಕಾಕಾ ಇದನ್ನು ಹೇಳುವಾಗ ಈಗಲೂ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಸ್ಫೂರ್ತಿಯ ಪ್ರಶ್ನೆಗೆ ಉತ್ತರ ಕೊನೆಗೆ ಬಂತು, ರಾತ್ರಿ ಹತ್ತರ ಮೇಲೆ. "ಹೊಸದ ಮಾಡ್ತೀನಂತ ಕುಂತ್ರ ಏನೂ ಬರೂದಿಲ್ಲ. ಹಳೇದನ್ನ ಬಾರಿಸ್ಕೋತ ಬಾರಿಸ್ಕೋತ ಒಂದಿನ ಕೈ ತಪ್ಪತೈತಿ. ಆ ತಪ್ಪು ಛಂದ ಇತ್ತೋ ಇಲ್ಲೋ ಗೊತ್ತಾಗಬೇಕಂದ್ರ ಹಳೇದು ಕೈಯಾಗಿರಬೇಕು." ಕೋರಾದ ಹುಡುಗ ತಲೆ ಆಡಿಸಿದ. ತನ್ನ ಅಪ್ಪನೂ ಹೀಗೇ ಹೇಳ್ತಾನೆ, ತನ್ನ ಮಗ ಮಾತ್ರ ಕೋರಾ ಮುಟ್ಟಲ್ಲ ಅಂದ. ಕಾಕಾನ ಇಬ್ಬರು ಮಕ್ಕಳೂ ಪೇಟಿ ಮುಟ್ಟಿಲ್ಲ. ಅದರ ಬಗ್ಗೆ ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಇಷ್ಟೆಲ್ಲ ಆಗುವಾಗ ಕಾಕಾನ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಲ್ಲಿದ್ದರು. ಐರ್ಲೆಂಡಿನವರು ಎದ್ದು ಅಲ್ಲಿಗೆ ಹೋದರು. ನೀವು ಹಾಡ್ತೀರಾ ಅಂತ ಕೇಳಿದರು. "ನಾ ಎಲ್ಲಿ ಹಾಡಾಕಿ" ಅಂದರು ಕಾಕು. ನಮ್ಮ ಮನೆಯಲ್ಲಿ ನಲವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಮೇಲೆ ಪಾತ್ರೆ ಬೋರಲು ಹಾಕುತ್ತಲೇ ತಮ್ಮ ಅವ್ವನಿಂದ ಕಲಿತ ಬೀಸುವ ಪದ ಒಂದನ್ನು ಸಣ್ಣ ದನಿಯಲ್ಲಿ ಎತ್ತಿದರು. ಐರ್ಲೆಂಡಿನಲ್ಲಿ ಶಾನ್ ನೋಸ್ ಅಂತ ಹಳೇ ರೀತಿಯ ಹಾಡಿಕೆ ಇದೆ. ವಾದ್ಯ ಇಲ್ಲ, ಒಬ್ಬರೇ ಹಾಡೋದು. ಹಾಡುವವರ ಕೈಯನ್ನು ಪಕ್ಕದವರು ಹಿಡಿದು ಮೆಲ್ಲಗೆ ಸುತ್ತ ತಿರುಗಿಸುತ್ತಾರೆ, ಹಾಡಿನ ಜೊತೆ ನಾವಿದ್ದೀವಿ ಅಂತ. ಅವರು ಕಾಕುವಿನ ಒದ್ದೆ ಕೈಯನ್ನು ಹಾಗೇ ಹಿಡಿದು ತಿರುಗಿಸತೊಡಗಿದರು. ಕಾಕು ಒಂದು ಕ್ಷಣ ತಡೆದರು. ಆಮೇಲೆ ತಾವೇ ಜೋರಾಗಿ ಆ ಕೈ ತಿರುಗಿಸಿದರು, ಥೇಟ್ ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸಿದ ಹಾಗೆ, ದನಿಯೂ ಜೋರಾಯಿತು. ಕಾಕಾ ಪೇಟಿ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು.

ಮರುದಿನ ಅವರನ್ನು ಬಸ್ ಹತ್ತಿಸಿದೆ. ಮೊನ್ನೆ ನನ್ನ ವಾಟ್ಸಾಪ್‌ಗೆ ಒಂದು ಆಡಿಯೋ ಬಂತು, ಕೋರಾದ್ದು, ಮೂರು ನಿಮಿಷ. ಕಾಕಾನ ಮನೆಗೆ ಹೋಗಿ ಕೇಳಿಸಿದೆ. ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಇನ್ನೂ ಷಡ್ಜ ಬಿಡವಲ್ಲ ನೋಡು" ಅಂದರು. ಆಮೇಲೆ ಪೇಟಿ ಎಳಕೊಂಡು, ರೆಕಾರ್ಡ್ ಮಾಡು ಅಂತ ನನಗೆ ಸನ್ನೆ ಮಾಡಿ, ನಿ ರೇ ಗ ಎತ್ತಿದರು.